ಕಾಲಿನ ಜೋಮು ಮೇಲಕ್ಕೆ ಹತ್ತಿದರೆ: ಜಿಬಿಎಸ್ ಅನ್ನೋ ಅಪರೂಪದ ತೊಡಕನ್ನ ವೈದ್ಯರು ಹೇಗೆ ಹಿಡೀತಾರೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಆಫೀಸಲ್ಲಿ ಸೌಂಡ್ ಹಾಕೋಕಾಗಲ್ಲ ಅಂತ ಇಲ್ಲಿ ಬಂದು ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಸ್ವಲ್ಪ ಸೀರಿಯಸ್. ಆದ್ರೆ ಕೊನೇವರೆಗೂ ಇರಿ, ಯಾಕಂದ್ರೆ ಇದ್ರಲ್ಲಿ ಒಂದೆರಡು ವಿಷಯ ನಿಮಗೆ ಗೊತ್ತಿದ್ರೆ, ಯಾವತ್ತೋ ಒಂದು ದಿನ ನಿಮ್ಮ ಮನೇಲೋ ಪಿಜಿಯಲ್ಲೋ ಒಬ್ಬರ ಜೀವ ಉಳಿಯಬಹುದು.

2025ರ ಜನವರಿ ನೆನಪಿದೆಯಾ? ಪುಣೆಯ ಸಿಂಹಗಡ ರಸ್ತೆ ಸುತ್ತಮುತ್ತಲಿನ ಆಸ್ಪತ್ರೆಗಳಿಗೆ ಒಂದೇ ಥರದ ರೋಗಿಗಳು ಬರೋಕೆ ಶುರುವಾದ್ರು. ಕೆಲವು ದಿನದ ಹಿಂದೆ ವಾಂತಿ-ಭೇದಿ ಆಗಿತ್ತು, ಅದು ವಾಸಿನೂ ಆಗಿತ್ತು. ಈಗ ಕಾಲಲ್ಲಿ ಶಕ್ತಿ ಇಲ್ಲ, ಮೆಟ್ಟಿಲು ಹತ್ತೋಕಾಗ್ತಿಲ್ಲ. ಕೆಲವರಿಗೆ ಉಸಿರಾಡೋಕೂ ಕಷ್ಟ. ಮುಂದಿನ ವಾರಗಳಲ್ಲಿ ಶಂಕಿತ ಮತ್ತು ದೃಢಪಟ್ಟ ಪ್ರಕರಣಗಳು ಸೇರಿ 200 ದಾಟಿದವು. ಕೆಲವರು ತೀರಿಕೊಂಡರು. ಕಾಯಿಲೆ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ಚಿಕ್ಕದಾಗಿ ಜಿಬಿಎಸ್.

ನಾನು ಓದಿರೋದು ಬಿಕಾಂ. ಹಾಗಾಗಿ ಇದನ್ನ ಡಾಕ್ಟರ್ ಥರ ಹೇಳಲ್ಲ. ಏನು, ಯಾಕೆ, ಹೇಗೆ ಪತ್ತೆ ಮಾಡ್ತಾರೆ, ಖರ್ಚು ಎಷ್ಟು ಅನ್ನೋ ಲೆಕ್ಕದಲ್ಲಿ ಹೇಳ್ತೀನಿ. ಔಷಧ, ಚಿಕಿತ್ಸೆ ವಿಷಯ ಬಂದಾಗ ನಿಮ್ಮ ವೈದ್ಯರ ಮಾತೇ ಕೊನೆ ಮಾತು.

ಎಷ್ಟು ಅಪರೂಪ?

ಸಾಮಾನ್ಯವಾಗಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ. ಲೆಕ್ಕ ಹಾಕಿ: ಹತ್ತು ಲಕ್ಷ ಜನಸಂಖ್ಯೆಯ ಒಂದು ಊರಲ್ಲಿ ವರ್ಷಕ್ಕೆ 10ರಿಂದ 20 ಜನ. ಅಂದ್ರೆ ಒಬ್ಬ ಸಾಮಾನ್ಯ ಫ್ಯಾಮಿಲಿ ಡಾಕ್ಟರ್ ತಮ್ಮ ಇಡೀ ಸರ್ವೀಸಲ್ಲಿ ಕೈಬೆರಳೆಣಿಕೆಯಷ್ಟು ಕೇಸ್ ನೋಡಿರಬಹುದು. ಅಪರೂಪದ ಕಾಯಿಲೆಗಳ ದೊಡ್ಡ ಸಮಸ್ಯೆನೇ ಇದು. ಮೊದಲ ದಿನ ರೋಗಿ ಬಂದು "ಕಾಲು ಜೋಮು ಸಾರ್, ಸುಸ್ತು" ಅಂದ್ರೆ, ವಿಟಮಿನ್ ಕೊರತೆ ಇರಬಹುದು ಅಂತ ಅನ್ನಿಸೋದು ಸಹಜ.

ಜಿಬಿಎಸ್ ಯಾವ ವಯಸ್ಸಿಗೂ ಬರಬಹುದು. ವಯಸ್ಸಾದಂತೆ ಸಾಧ್ಯತೆ ಹೆಚ್ಚು, ಗಂಡಸರಲ್ಲಿ ಸ್ವಲ್ಪ ಜಾಸ್ತಿ. ಒಬ್ಬರಿಂದ ಒಬ್ಬರಿಗೆ ಇದು ಅಂಟಲ್ಲ. ಪಕ್ಕದಲ್ಲಿ ಕೂತ್ರೆ, ಊಟ ಹಂಚಿಕೊಂಡ್ರೆ ಬರಲ್ಲ. ಹಾಗಾದ್ರೆ ಪುಣೆಯಲ್ಲಿ ಒಂದೇ ಕಡೆ ಇಷ್ಟು ಜನಕ್ಕೆ ಹೇಗೆ ಬಂತು? ಅದಕ್ಕೆ ಉತ್ತರ ಸಿಗಬೇಕಾದ್ರೆ ಕಾಯಿಲೆ ಹೇಗೆ ಹುಟ್ಟುತ್ತೆ ಅಂತ ಗೊತ್ತಾಗಬೇಕು.

ಸಹಿ ಹೋಲಿಕೆಯ ಎಡವಟ್ಟು

ಬ್ಯಾಂಕಲ್ಲಿ ಚೆಕ್ ಕೊಟ್ರೆ ಸಹಿ ಹೋಲಿಸಿ ನೋಡ್ತಾರಲ್ವಾ? ನಮ್ಮ ರೋಗನಿರೋಧಕ ವ್ಯವಸ್ಥೆ ಮಾಡೋದೂ ಅದೇ ಕೆಲಸ. ಒಳಗೆ ಬಂದ ರೋಗಾಣುವಿನ ಮೇಲ್ಮೈ ನೋಡಿ, ಅದರ "ಸಹಿ" ಗುರುತಿಟ್ಟುಕೊಂಡು, ಅಂಥ ಸಹಿ ಎಲ್ಲಿ ಕಂಡ್ರೂ ಹೊಡೆಯೋಕೆ ಆಂಟಿಬಾಡಿ ತಯಾರು ಮಾಡುತ್ತೆ.

ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನೋ ಒಂದು ಬ್ಯಾಕ್ಟೀರಿಯಾ ಇದೆ. ಸರಿಯಾಗಿ ಬೇಯದ ಕೋಳಿ ಮಾಂಸ, ಕಾಯಿಸದ ಹಾಲು, ಕೊಳಕು ಸೇರಿದ ನೀರು, ಇವುಗಳಿಂದ ಹೊಟ್ಟೆಗೆ ಹೋಗುತ್ತೆ. ಭೇದಿ, ಹೊಟ್ಟೆನೋವು, ಜ್ವರ ಬರುತ್ತೆ, ಬಹುಪಾಲು ಜನಕ್ಕೆ ಒಂದು ವಾರದಲ್ಲಿ ತಾನಾಗೇ ವಾಸಿ. ಆದ್ರೆ ಇದರ ಕೆಲವು ತಳಿಗಳ ಹೊರಮೈಲಿರೋ ಒಂದು ಅಂಶ, ನಮ್ಮ ನರಗಳ ಮೇಲಿರೋ ಗ್ಯಾಂಗ್ಲಿಯೋಸೈಡ್ ಅನ್ನೋ ಅಂಶವನ್ನ ತುಂಬಾ ಹೋಲುತ್ತೆ. ಎರಡೂ ಸಹಿ ಹೆಚ್ಚುಕಮ್ಮಿ ಒಂದೇ ಥರ. ಬ್ಯಾಕ್ಟೀರಿಯಾ ಹೊಡೆಯೋಕೆ ತಯಾರಾದ ಆಂಟಿಬಾಡಿ ಸ್ವಂತ ನರಗಳ ಮೇಲೇ ಬೀಳುತ್ತೆ. ಕ್ಯಾಂಪಿಲೋಬ್ಯಾಕ್ಟರ್ ಸೋಂಕು ಬಂದ ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಹೀಗಾಗುತ್ತೆ ಅನ್ನೋದು ಸಾಮಾನ್ಯ ಅಂದಾಜು.

ಈಗ ಪುಣೆ ಲೆಕ್ಕ ಅರ್ಥ ಆಗುತ್ತೆ. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ಕುಡಿಯೋ ನೀರಿನ ಮೇಲೆ ಹೋಯ್ತು. ಒಂದು ಪ್ರದೇಶದ ತುಂಬಾ ಜನಕ್ಕೆ ಒಟ್ಟಿಗೇ ಹೊಟ್ಟೆ ಸೋಂಕು ಬಂದ್ರೆ, ಅದರಲ್ಲಿ ಸಣ್ಣ ಪಾಲು ಜಿಬಿಎಸ್ ಆಗಿ ಹೊರಗೆ ಬರುತ್ತೆ. ಹರಡೋದು ಸೋಂಕು, ಜಿಬಿಎಸ್ ಅಲ್ಲ.

ಇದೊಂದೇ ಕಾರಣ ಅಂತಲ್ಲ. ಫ್ಲೂ, ಕೆಲವು ಶ್ವಾಸಕೋಶದ ಸೋಂಕು, ಹೆಪಟೈಟಿಸ್ ಇ, ಝೀಕಾ, ಇವುಗಳ ನಂತರವೂ ಬರಬಹುದು. ಮೂರನೇ ಎರಡು ಭಾಗದಷ್ಟು ರೋಗಿಗಳು ಹಿಂದಿನ ಕೆಲವು ವಾರಗಳಲ್ಲಿ ಭೇದಿನೋ ಕೆಮ್ಮು-ಜ್ವರನೋ ಬಂದಿತ್ತು ಅಂತ ಹೇಳ್ತಾರೆ. ವಾಟ್ಸಾಪಲ್ಲಿ ಲಸಿಕೆ ಬಗ್ಗೆ ಫಾರ್ವರ್ಡ್ ಬರುತ್ತಲ್ವಾ, ಅದಕ್ಕೂ ಒಂದು ಮಾತು. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ತಗೊಂಡವರಲ್ಲಿ, ಸುಮಾರು ಒಂದು ಲಕ್ಷಕ್ಕೆ ಒಂದರಂತೆ ಹೆಚ್ಚುವರಿ ಜಿಬಿಎಸ್ ಕೇಸ್ ಕಂಡವು, ಆ ಕಾರ್ಯಕ್ರಮ ನಿಲ್ಲಿಸಿದರು. ಈಗಿನ ಫ್ಲೂ ಲಸಿಕೆಗಳಲ್ಲಿ ಆ ಅಪಾಯ ಹತ್ತು ಲಕ್ಷಕ್ಕೆ ಒಂದೆರಡರ ಮಟ್ಟದ್ದು. ಫ್ಲೂ ಬಂದ್ರೆ ಜಿಬಿಎಸ್ ಬರೋ ಸಾಧ್ಯತೆ ಅದಕ್ಕಿಂತ ಜಾಸ್ತಿ.

ಮೈಯಲ್ಲಿ ಏನಾಗುತ್ತೆ?

ನಿಮ್ಮ ಫೋನಿನ ಚಾರ್ಜಿಂಗ್ ಕೇಬಲ್ ನೋಡಿ. ಒಳಗೆ ತಾಮ್ರದ ತಂತಿ, ಹೊರಗೆ ರಬ್ಬರ್ ಕವಚ. ನರಕ್ಕೂ ಹೀಗೇ ಒಳಗೊಂದು ತಂತು, ಅದರ ಸುತ್ತ ಮೈಲಿನ್ ಅನ್ನೋ ಕವಚ. ಕೆಲವರಲ್ಲಿ ಆಂಟಿಬಾಡಿ ಕವಚವನ್ನ ಹಾಳುಮಾಡುತ್ತೆ, ಕೆಲವರಲ್ಲಿ ಒಳಗಿನ ತಂತುವನ್ನೇ. ಕವಚ ಬೇಗ ರಿಪೇರಿ ಆಗುತ್ತೆ. ತಂತು ತುಂಡಾದ್ರೆ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಸೊಂಟದಿಂದ ಪಾದದವರೆಗೆ ಎಷ್ಟು ದೂರ ಅಂತ ನೀವೇ ಅಳೆದು ನೋಡಿ, ಚೇತರಿಕೆಗೆ ಯಾಕೆ ತಿಂಗಳುಗಟ್ಟಲೆ ಬೇಕು ಅಂತ ಗೊತ್ತಾಗುತ್ತೆ.

ಸಾಮಾನ್ಯವಾಗಿ ಶುರುವಾಗೋದು ಪಾದದಿಂದ. ಎರಡೂ ಕಾಲಲ್ಲಿ ಜುಮುಜುಮು, ಆಮೇಲೆ ಬಲ ಕಮ್ಮಿ. ನೆಲದಿಂದ ಎದ್ದೇಳೋಕೆ ಕಷ್ಟ, ಮೆಟ್ಟಿಲು ಹತ್ತೋಕೆ ಕಷ್ಟ. ಕೆಲವರಿಗೆ ಬೆನ್ನುನೋವು ಜೋರು. ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಇದು ತೊಡೆ, ಕೈ, ಮುಖದ ಕಡೆ ಏರುತ್ತೆ. ನುಂಗೋಕಾಗಲ್ಲ, ಕಣ್ಣು ಪೂರ್ತಿ ಮುಚ್ಚೋಕಾಗಲ್ಲ. ಕಾಯಿಲೆ ತನ್ನ ಕೆಟ್ಟ ಹಂತ ಮುಟ್ಟೋದು ಹೆಚ್ಚಿನವರಲ್ಲಿ ಎರಡು ವಾರದೊಳಗೆ, ಬಹುತೇಕ ಎಲ್ಲರಲ್ಲೂ ನಾಲ್ಕು ವಾರದೊಳಗೆ.

ಇದೆಲ್ಲದರ ನಡುವೆ ಪ್ರಜ್ಞೆ ಪೂರ್ತಿ ಇರುತ್ತೆ. ಎಲ್ಲ ಕೇಳಿಸ್ತಿರುತ್ತೆ, ಎಲ್ಲ ಅರ್ಥ ಆಗ್ತಿರುತ್ತೆ, ಮೈ ಮಾತ್ರ ಅಲ್ಲಾಡಲ್ಲ. "ಕ್ಯಾಚ್-22" ಕಾದಂಬರಿ ಬರೆದ ಅಮೆರಿಕದ ಜೋಸೆಫ್ ಹೆಲ್ಲರ್‌ಗೆ 1981ರಲ್ಲಿ ಈ ಕಾಯಿಲೆ ಬಂತು. ಚೇತರಿಸಿಕೊಂಡ ಮೇಲೆ ಗೆಳೆಯನ ಜೊತೆ ಸೇರಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ನಿಮಗೆ ಗೊತ್ತಿರೋ ಯಾರಾದ್ರೂ ಈ ಸ್ಥಿತಿಯಲ್ಲಿ ಐಸಿಯುನಲ್ಲಿದ್ರೆ ದಯವಿಟ್ಟು ಅವರ ಎದುರು ಬಿಲ್ ಬಗ್ಗೆ, ಬದುಕ್ತಾರಾ ಇಲ್ವಾ ಅನ್ನೋದರ ಬಗ್ಗೆ ಮಾತಾಡಬೇಡಿ. ಅವರು ಕೇಳಿಸ್ಕೊಳ್ತಿರ್ತಾರೆ.

ವೈದ್ಯರು ಹೇಗೆ ಪತ್ತೆ ಮಾಡ್ತಾರೆ?

ಒಂದು ಉದಾಹರಣೆ ತಗೊಳ್ಳೋಣ. 26 ವರ್ಷದ ಒಬ್ಬ ಡೆಲಿವರಿ ಹುಡುಗ. ಹತ್ತು ದಿನದ ಹಿಂದೆ ಭೇದಿ ಆಗಿತ್ತು. ನಿನ್ನೆ ಬೈಕಿನ ಗೇರ್ ಹಾಕೋಕೆ ಪಾದ ಕೇಳ್ತಿರಲಿಲ್ಲ. ಇವತ್ತು ಬೆಳಗ್ಗೆ ಟಾಯ್ಲೆಟ್‌ನಿಂದ ಎದ್ದೇಳೋಕಾಗದೆ ಗೋಡೆ ಹಿಡ್ಕೊಂಡ. ಅವನ ಅಣ್ಣ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದಾನೆ.

ಡಾಕ್ಟರ್ ಕೈಗೆ ತಗೊಳ್ಳೋ ಮೊದಲ ಸಾಧನ ಒಂದು ಸಣ್ಣ ರಬ್ಬರ್ ಸುತ್ತಿಗೆ. ಮಂಡಿಚಿಪ್ಪಿನ ಕೆಳಗೆ ತಟ್ಟಿದ್ರೆ ಆರೋಗ್ಯವಂತರ ಕಾಲು ತಾನಾಗೇ ಒದೆಯುತ್ತೆ. ಜಿಬಿಎಸ್‌ನಲ್ಲಿ ಈ ಪ್ರತಿಕ್ರಿಯೆ ಸಾಮಾನ್ಯವಾಗಿ ಕಮ್ಮಿಯಾಗಿರುತ್ತೆ ಅಥವಾ ಇರೋದೇ ಇಲ್ಲ. ಎರಡೂ ಕಾಲಲ್ಲಿ ಒಂದೇ ಥರ ದೌರ್ಬಲ್ಯ, ಕೆಳಗಿಂದ ಮೇಲಕ್ಕೆ ಏರ್ತಿದೆ, ಸುತ್ತಿಗೆಗೆ ಉತ್ತರ ಇಲ್ಲ, ಹಿಂದೆ ಒಂದು ಸೋಂಕು ಆಗಿತ್ತು. ಈ ನಾಲ್ಕು ಸೇರಿದ್ರೆ ಅನುಮಾನ ಬಲವಾಗುತ್ತೆ.

ಆದ್ರೆ ಇಲ್ಲಿಗೇ ನಿಲ್ಲೋ ಹಾಗಿಲ್ಲ. ಇದೇ ಥರ ಕಾಣೋ, ಆದ್ರೆ ಚಿಕಿತ್ಸೆ ಪೂರ್ತಿ ಬೇರೆಯಾಗಿರೋ ಕಾಯಿಲೆಗಳಿವೆ. ಒಂದೊಂದನ್ನೇ ಪಟ್ಟಿಯಿಂದ ಹೊಡೆದು ಹಾಕ್ತಾ ಹೋಗಬೇಕು.

ಮೊದಲನೇದು ಪೊಟ್ಯಾಸಿಯಂ. ರಕ್ತದಲ್ಲಿ ಇದು ತೀರಾ ಇಳಿದ್ರೆ ಕೈಕಾಲು ಬಿದ್ದುಹೋಗುತ್ತೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಪೊಟ್ಯಾಸಿಯಂ ಕೊಟ್ರೆ ಬೇಗ ಸರಿಹೋಗುತ್ತೆ.

ಎರಡನೇದು ಬೆನ್ನುಹುರಿ. ಅಲ್ಲಿ ಒತ್ತಡನೋ ಉರಿಯೂತನೋ ಇದ್ರೂ ಎರಡೂ ಕಾಲು ಬಲ ಕಳ್ಕೊಳ್ಳುತ್ತೆ. ಆಗ ಹೊಟ್ಟೆ ಅಥವಾ ಎದೆ ಮೇಲೆ ಒಂದು ಗೆರೆ ಎಳೆದ ಹಾಗೆ, ಅದರ ಕೆಳಗೆ ಮಾತ್ರ ಸ್ಪರ್ಶ ಗೊತ್ತಾಗಲ್ಲ, ಮೂತ್ರ ಮೊದಲ ದಿನಗಳಲ್ಲೇ ಕಟ್ಟಿಕೊಳ್ಳುತ್ತೆ. ಅನುಮಾನ ಇದ್ರೆ ಎಂಆರ್‌ಐ ಮಾಡಿಸ್ತಾರೆ.

ಮೂರನೇದು ನಮ್ಮ ಹಳ್ಳಿ ಕಡೆ ಮರೆಯಲೇಬಾರದ್ದು: ಕಟ್ಟು ಹಾವು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ, ಎಷ್ಟೋ ಸಲ ನೋವೂ ಇಲ್ಲ, ಗಾಯದ ಗುರುತೂ ಕಾಣಲ್ಲ. ಬೆಳಗ್ಗೆ ಏಳೋ ಹೊತ್ತಿಗೆ ಲಕ್ವ ಶುರುವಾಗಿರುತ್ತೆ. ಆದ್ರೆ ಹಾವಿನ ವಿಷ ಮೊದಲು ಕಣ್ಣುರೆಪ್ಪೆ ಜೋತುಬೀಳಿಸುತ್ತೆ, ಆಮೇಲೆ ಕೆಳಗೆ ಇಳಿಯುತ್ತೆ. ಜಿಬಿಎಸ್ ಸಾಮಾನ್ಯವಾಗಿ ಕೆಳಗಿಂದ ಮೇಲೆ. ದಿಕ್ಕು ಯಾವುದು ಅನ್ನೋದೇ ಇಲ್ಲಿ ದೊಡ್ಡ ಸುಳಿವು. ಹಾಗಾಗಿ ಡಾಕ್ಟರ್ "ಮೊದಲು ಎಲ್ಲಿ ಶುರುವಾಯ್ತು?" ಅಂತ ಕೇಳಿದ್ರೆ ಸರಿಯಾಗಿ ಯೋಚಿಸಿ ಉತ್ತರ ಹೇಳಿ. ಹೊಲಕ್ಕೆ ಔಷಧಿ ಹೊಡೆದಿದ್ರೆ ಅದನ್ನೂ ಹೇಳಿ, ಕೀಟನಾಶಕದ ವಿಷದಿಂದಲೂ ಸ್ನಾಯು ಸೋಲುತ್ತೆ.

15 ವರ್ಷದೊಳಗಿನ ಮಕ್ಕಳಾದ್ರೆ ಇನ್ನೊಂದು ಹೆಜ್ಜೆ ಇದೆ. ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತು ಜೋತುಬಿದ್ರೆ, ಕಾರಣ ಏನೇ ಇರಲಿ, ಆರೋಗ್ಯ ಇಲಾಖೆಗೆ ತಿಳಿಸಿ, 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಪೋಲಿಯೋ ಪರೀಕ್ಷೆಗೆ ಕಳಿಸ್ತಾರೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೇ ಕೇಸ್ 2011ರ ಜನವರಿಯಲ್ಲಿ. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ತು. ಅದು ಮತ್ತೆ ನುಸುಳಬಾರದು ಅಂತ ಈ ಕಾವಲು. ಹೀಗೆ ಪತ್ತೆಯಾಗೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇರೋದು ಜಿಬಿಎಸ್.

ಬೆನ್ನಿನ ನೀರು ತೆಗೆಯೋದು ಯಾಕೆ?

1916. ಮೊದಲ ಮಹಾಯುದ್ಧ ನಡೀತಿದೆ. ಫ್ರಾನ್ಸ್ ಸೇನೆಯ ವೈದ್ಯರಾದ ಗಿಯಾನ್, ಬಾರೆ ಮತ್ತು ಸ್ಟ್ರೋಲ್, ಲಕ್ವ ಹೊಡೆದ ಇಬ್ಬರು ಸೈನಿಕರನ್ನ ಪರೀಕ್ಷೆ ಮಾಡಿದ್ರು. ಬೆನ್ನುಹುರಿ ಸುತ್ತಲಿನ ದ್ರವದಲ್ಲಿ ಪ್ರೋಟೀನ್ ಜಾಸ್ತಿ ಇತ್ತು, ಆದ್ರೆ ಬಿಳಿ ರಕ್ತಕಣ ಜಾಸ್ತಿ ಇರಲಿಲ್ಲ. ಮೆದುಳುಜ್ವರದಂಥ ಸೋಂಕಾಗಿದ್ರೆ ಕಣಗಳೂ ಏರಬೇಕಿತ್ತು. ಈ ಬೇರೆ ಥರದ ಲೆಕ್ಕವೇ ಕಾಯಿಲೆಯ ಗುರುತಾಯ್ತು. ಕಾಲಿಂದ ಮೇಲೇರೋ ಲಕ್ವವನ್ನ 1859ರಲ್ಲೇ ಲಾಂಡ್ರಿ ಅನ್ನೋ ಇನ್ನೊಬ್ಬ ಫ್ರೆಂಚ್ ವೈದ್ಯ ಬರೆದಿದ್ದರು. ಕೊನೆಗೆ ಹೆಸರಲ್ಲಿ ಉಳಿದದ್ದು ಗಿಯಾನ್ ಮತ್ತು ಬಾರೆ ಮಾತ್ರ. ಸ್ಟ್ರೋಲ್ ಹೆಸರೂ ಬಿಟ್ಟುಹೋಯ್ತು.

ಇವತ್ತಿಗೂ ಅದೇ ಪರೀಕ್ಷೆ ಮಾಡ್ತಾರೆ. ಹೆಸರು ಲಂಬಾರ್ ಪಂಕ್ಚರ್. "ಬೆನ್ನಿನ ನೀರು ತೆಗೆದ್ರೆ ಸೊಂಟ ಹೋಗುತ್ತೆ" ಅಂತ ಹೆದರಿ ಎಷ್ಟೋ ಮನೆಯವರು ಸಹಿ ಹಾಕೋಕೆ ಒಪ್ಪಲ್ಲ. ಸೂಜಿ ಹಾಕೋದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಅದಕ್ಕಿಂತ ಮೇಲೇ ಮುಗಿದಿರುತ್ತೆ. ಒಂದೆರಡು ದಿನ ತಲೆನೋವು ಬರಬಹುದು. ಕಾಲು ಹೋಗ್ತಿರೋದು ಕಾಯಿಲೆಯಿಂದ, ಸೂಜಿಯಿಂದ ಅಲ್ಲ.

ಇನ್ನೊಂದು ಪರೀಕ್ಷೆ ನರ್ವ್ ಕಂಡಕ್ಷನ್. ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ಸಂದೇಶ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಹೋಗ್ತಿದೆ ಅಂತ ನೋಡ್ತಾರೆ. ಕವಚ ಹಾಳಾಗಿದ್ರೆ ವೇಗ ಇಳಿದಿರುತ್ತೆ. ತಂತು ಹಾಳಾಗಿದ್ರೆ ಬಲ ಇಳಿದಿರುತ್ತೆ.

ಇಲ್ಲೊಂದು ಎಚ್ಚರಿಕೆ. ಈ ಎರಡೂ ಪರೀಕ್ಷೆ ಮೊದಲ ವಾರದಲ್ಲಿ ನಾರ್ಮಲ್ ಬರಬಹುದು. ರಿಪೋರ್ಟ್ ನಾರ್ಮಲ್ ಅಂದ ತಕ್ಷಣ ಕಾಯಿಲೆ ಇಲ್ಲ ಅಂತಲ್ಲ. ಅನುಭವಿ ನರರೋಗ ತಜ್ಞರು ಕಾಗದಕ್ಕಿಂತ ರೋಗಿಯನ್ನ ನೋಡಿ ಚಿಕಿತ್ಸೆ ಶುರು ಮಾಡ್ತಾರೆ, ಪರೀಕ್ಷೆಯನ್ನ ಬೇಕಾದ್ರೆ ಮತ್ತೆ ಮಾಡಿಸ್ತಾರೆ.

ಆಕ್ಸಿಮೀಟರ್ ನಂಬಿ ಕೂರಬೇಡಿ

ಕೊರೊನಾ ಟೈಮಲ್ಲಿ ನಾವೆಲ್ಲ ಬೆರಳಿಗೆ ಹಾಕೋ ಆಕ್ಸಿಮೀಟರ್ ತಗೊಂಡ್ವಿ. ಜಿಬಿಎಸ್‌ನಲ್ಲಿ ಅದು ನಿಮ್ಮನ್ನ ಮೋಸ ಮಾಡಬಹುದು. ಇಲ್ಲಿ ಶ್ವಾಸಕೋಶ ಚೆನ್ನಾಗೇ ಇರುತ್ತೆ, ಅದನ್ನ ಎಳೆಯೋ ಸ್ನಾಯು ಸೋಲ್ತಿರುತ್ತೆ. 98 ತೋರಿಸ್ತಾನೇ ಇರುತ್ತೆ. ಅದು ಇಳಿಯೋ ಹೊತ್ತಿಗೆ ತುಂಬಾ ತಡವಾಗಿರುತ್ತೆ.

ಅದಕ್ಕೆ ಆಸ್ಪತ್ರೆಯಲ್ಲಿ ಒಂದು ಉಸಿರಲ್ಲಿ ಎಷ್ಟು ಗಾಳಿ ಹೊರಗೆ ಬಿಡೋಕಾಗುತ್ತೆ ಅಂತ ಅಳೆಯುತ್ತಾರೆ. ಅದು ಕೆಜಿಗೆ 20 ಮಿಲಿಲೀಟರ್‌ಗಿಂತ ಇಳಿದ್ರೆ, ಅಂದ್ರೆ 60 ಕೆಜಿ ತೂಕದವರಲ್ಲಿ 1,200 ಮಿಲಿಲೀಟರ್‌ಗಿಂತ ಕಮ್ಮಿಯಾದ್ರೆ, ಅಪಾಯದ ಗಂಟೆ. ಯಂತ್ರ ಇಲ್ಲದ ಕಡೆ ಡಾಕ್ಟರ್, ನರ್ಸ್ ಇನ್ನೊಂದು ಸರಳ ಉಪಾಯ ಮಾಡ್ತಾರೆ: ಒಂದು ಸಲ ಪೂರ್ತಿ ಉಸಿರೆಳೆದು, ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸೋಕೆ ಹೇಳ್ತಾರೆ. 20 ಮುಟ್ಟೋ ಮೊದಲೇ ಉಸಿರು ಮುಗಿದ್ರೆ ಚಿಂತೆ ಮಾಡಬೇಕಾದ ವಿಷಯ. ಧ್ವನಿ ಕ್ಷೀಣ ಆಗೋದು, ಕೆಮ್ಮೋಕೆ ಬಲ ಇಲ್ಲದಿರೋದು, ಮಲಗಿದ್ರೆ ಉಸಿರು ಸಿಗದಿರೋದು, ಇವೂ ಅದೇ ಕಡೆ ಬೆರಳು ತೋರಿಸುತ್ತವೆ.

ಜಿಬಿಎಸ್ ಬಂದ ನೂರರಲ್ಲಿ 20ರಿಂದ 30 ಜನಕ್ಕೆ ವೆಂಟಿಲೇಟರ್ ಬೇಕಾಗುತ್ತೆ. ಹೃದಯ, ಬಿಪಿ ನೋಡ್ಕೊಳ್ಳೋ ನರಗಳೂ ಕೆಡಬಹುದು. ನಾಡಿ ಏಕಾಏಕಿ ಏರೋದು ಇಳಿಯೋದು ಆಗುತ್ತೆ. ಇನ್ನೂ ನಡೀತಿರೋ ರೋಗಿಯನ್ನೂ "ಅಡ್ಮಿಟ್ ಆಗಿ" ಅಂತ ಹೇಳೋದು ಇದಕ್ಕೇ. ಅದು ಬಿಲ್ ಮಾಡೋ ಉಪಾಯ ಅಂತ ಅಂದ್ಕೊಂಡು ಮನೆಗೆ ಹೊರಟುಬಿಡಬೇಡಿ.

ಚಿಕಿತ್ಸೆ, ಖರ್ಚು

ಕೆಲಸ ಮಾಡುತ್ತೆ ಅಂತ ಸಾಬೀತಾಗಿರೋ ದಾರಿ ಎರಡು.

ಒಂದು ಐವಿಐಜಿ. ಸಾವಿರಾರು ಜನ ದಾನಿಗಳ ರಕ್ತದ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್. ದಾರಿ ತಪ್ಪಿದ ಆಂಟಿಬಾಡಿಗಳ ಹಾವಳಿಯನ್ನ ಇದು ತಗ್ಗಿಸುತ್ತೆ. ಸಾಮಾನ್ಯ ಪ್ರಮಾಣ ದಿನಕ್ಕೆ ಕೆಜಿಗೆ 0.4 ಗ್ರಾಂ, ಐದು ದಿನ. 60 ಕೆಜಿ ತೂಕದವರಿಗೆ ದಿನಕ್ಕೆ 24 ಗ್ರಾಂ, ಐದು ದಿನಕ್ಕೆ 120 ಗ್ರಾಂ. 5 ಗ್ರಾಂನ ಬಾಟಲಿ ಆದ್ರೆ 24 ಬಾಟಲಿ. ಒಂದೊಂದಕ್ಕೂ ಸಾವಿರಾರು ರೂಪಾಯಿ. ಇದರ ಮೇಲೆ ಐಸಿಯು ಬಾಡಿಗೆ. ಬಿಲ್ ಲಕ್ಷಗಳಲ್ಲಿ ಬರೋದು ಹೀಗೆ.

ಇನ್ನೊಂದು ಪ್ಲಾಸ್ಮಾ ಎಕ್ಸ್‌ಚೇಂಜ್. ಡಯಾಲಿಸಿಸ್ ಥರದ ಒಂದು ಯಂತ್ರದಲ್ಲಿ ರಕ್ತದ ಪ್ಲಾಸ್ಮಾ ಬೇರ್ಪಡಿಸಿ, ಅದರ ಜೊತೆ ಕೆಟ್ಟ ಆಂಟಿಬಾಡಿಗಳನ್ನ ಹೊರಹಾಕಿ, ಬದಲಿ ದ್ರವ ಕೊಡ್ತಾರೆ. ಒಂದೆರಡು ವಾರದಲ್ಲಿ ನಾಲ್ಕೈದು ಸಲ. ಪರಿಣಾಮದಲ್ಲಿ ಎರಡೂ ಸಮ ಅಂತ 1990ರ ದಶಕದ ದೊಡ್ಡ ಪ್ರಯೋಗಗಳು ತೋರಿಸಿವೆ. ಒಂದರ ಹಿಂದೆ ಇನ್ನೊಂದು ಕೊಟ್ರೆ ಹೆಚ್ಚು ಲಾಭ ಇಲ್ಲ. ಐವಿಐಜಿ ಎರಡನೇ ಕೋರ್ಸ್ ಕೊಟ್ರೂ ಲಾಭ ಇಲ್ಲ ಅಂತ 2021ರಲ್ಲಿ ಬಂದ ಒಂದು ಪ್ರಯೋಗ ಹೇಳಿತು. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಎಕ್ಸ್‌ಚೇಂಜ್ ಸೌಲಭ್ಯ ಇದ್ರೆ "ಯಾವುದು ನಮಗೆ ಸೂಕ್ತ, ಯಾವುದಕ್ಕೆ ಎಷ್ಟಾಗುತ್ತೆ?" ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಈ ಚಿಕಿತ್ಸೆ ಇದೆ. ಬಡ ದೇಶಗಳಿಗೆ ಅಂತ, ಯಂತ್ರವೇ ಇಲ್ಲದೆ ಸ್ವಲ್ಪ ಸ್ವಲ್ಪವೇ ಪ್ಲಾಸ್ಮಾ ಬದಲಿಸೋ ಅಗ್ಗದ ವಿಧಾನವನ್ನ ಬಾಂಗ್ಲಾದೇಶದ ಢಾಕಾದಲ್ಲಿ ಪ್ರಯೋಗ ಮಾಡಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ.

ಆಯುಷ್ಮಾನ್ ಕಾರ್ಡ್ ಇದ್ರೆ, ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ ಡೆಸ್ಕ್ ಎಲ್ಲಿದೆ ಅಂತ ಮೊದಲ ದಿನವೇ ವಿಚಾರಿಸಿ. ಕಂಪನಿ ಇನ್ಶೂರೆನ್ಸ್ ಇದ್ರೆ ಐಸಿಯು ಬಾಡಿಗೆಗೆ ಮಿತಿ ಇದೆಯಾ ಅಂತ ಈಗಲೇ ಪಾಲಿಸಿ ತೆಗೆದು ನೋಡಿ.

ಸ್ಟೀರಾಯ್ಡ್ ಬಗ್ಗೆ ಒಂದು ಮಾತು. ಎಷ್ಟೋ ಉರಿಯೂತದ ಕಾಯಿಲೆಗೆ ಅದು ರಾಮಬಾಣ. ಜಿಬಿಎಸ್‌ಗೆ ಮಾತ್ರ ಅದರಿಂದ ಉಪಯೋಗ ಇಲ್ಲ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಸಮಯದ ಲೆಕ್ಕ ಇಷ್ಟು: ಐವಿಐಜಿ ಎರಡು ವಾರದೊಳಗೆ, ಪ್ಲಾಸ್ಮಾ ಎಕ್ಸ್‌ಚೇಂಜ್ ನಾಲ್ಕು ವಾರದೊಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಇವು ಹಾಳಾದ ನರವನ್ನ ಆ ಕ್ಷಣಕ್ಕೆ ಸರಿಮಾಡಲ್ಲ, ಇನ್ನಷ್ಟು ಹಾಳಾಗೋದನ್ನ ತಡೀತವೆ. ಲಕ್ವಕ್ಕೆ ಎಣ್ಣೆ ತಿಕ್ಕಿಸೋಣ, ನಾಟಿ ಔಷಧಿ ನೋಡೋಣ ಅಂತ ಕಳೆದ ಒಂದು ವಾರಕ್ಕೆ ಬೆಲೆ ಕಟ್ಟೋದು ನರ.

ಮುಂದೇನು?

ಆರು ತಿಂಗಳಾಗೋ ಹೊತ್ತಿಗೆ ನೂರರಲ್ಲಿ ಸುಮಾರು 80 ಜನ ಯಾರ ಸಹಾಯವೂ ಇಲ್ಲದೆ ನಡೀತಾರೆ. ಒಳ್ಳೆ ಚಿಕಿತ್ಸೆ ಸಿಕ್ಕಿದ್ರೂ ನೂರಕ್ಕೆ ಐದರ ಆಸುಪಾಸು ಸಾವು ಆಗುತ್ತೆ. ಎಷ್ಟೋ ಜನಕ್ಕೆ ಸುಸ್ತು, ಪಾದದ ಜೋಮು ವರ್ಷಗಟ್ಟಲೆ ಉಳಿಯುತ್ತೆ. ನೋಡೋಕೆ ಚೆನ್ನಾಗಿದ್ದಾರೆ, ಆದ್ರೆ ಅರ್ಧ ದಿನಕ್ಕೇ ದಣೀತಾರೆ. ಕೆಲಸಕ್ಕೆ ವಾಪಸ್ ಬಂದ ಸಹೋದ್ಯೋಗಿಯನ್ನ "ಇನ್ನೂ ಹುಷಾರಾಗಿಲ್ವಾ?" ಅಂತ ರೇಗಿಸಬೇಡಿ. ಫಿಸಿಯೋಥೆರಪಿ ಬಿಡದೆ ಮಾಡಿಸಬೇಕು. ಮತ್ತೆ ಮರುಕಳಿಸೋದು ನೂರರಲ್ಲಿ ಎರಡರಿಂದ ಐದು ಜನಕ್ಕೆ.

ತಡೆಯೋಕೆ ನಮ್ಮ ಕೈಲಿರೋದು ಹೊಟ್ಟೆ ಸೋಂಕನ್ನ ತಡೆಯೋದು. ನೀರಿನ ಬಗ್ಗೆ ಅನುಮಾನ ಇದ್ರೆ ಕುದಿಸಿ ಕುಡೀರಿ. ಕೋಳಿ ಒಳಗಿನವರೆಗೂ ಬೇಯಲಿ. ಹಸಿ ಕೋಳಿ ಕೊಯ್ದ ಚಾಕು, ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ನಲ್ಲಿ ಕೆಳಗೆ ಕೋಳಿ ತೊಳೆದ್ರೆ ಹನಿ ಸಿಡಿದು ಸುತ್ತಲಿನ ಪಾತ್ರೆಗೂ ಬ್ಯಾಕ್ಟೀರಿಯಾ ಅಂಟುತ್ತೆ.

ಭೇದಿ ಆದವರೆಲ್ಲ ಹೆದರಬೇಕಿಲ್ಲ, ಸಾವಿರದಲ್ಲಿ 999 ಜನಕ್ಕೆ ಏನೂ ಆಗಲ್ಲ. ಒಂದೇ ಭಂಗಿಯಲ್ಲಿ ಕೂತು ಬರೋ ಜೋಮು ಎದ್ದು ಓಡಾಡಿದ್ರೆ ಹೋಗುತ್ತೆ. ಹೋಗದೆ, ಎರಡೂ ಕಾಲಲ್ಲಿ ಇದ್ದು, ನಿನ್ನೆಗಿಂತ ಇವತ್ತು ಮೇಲೆ ಬಂದಿದ್ರೆ, ನೆಲದಿಂದ ಏಳೋಕೆ ಕೈ ಊರಬೇಕಾದ್ರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ನುಂಗೋಕೆ, ಮಾತಾಡೋಕೆ, ಉಸಿರಾಡೋಕೆ ಕಷ್ಟ ಆದ್ರೆ 108ಕ್ಕೆ ಫೋನ್ ಮಾಡಿ, ವೆಂಟಿಲೇಟರ್ ಇರೋ ಆಸ್ಪತ್ರೆಗೇ ಕರ್ಕೊಂಡು ಹೋಗಿ ಅಂತ ಹೇಳಿ. ಡಾಕ್ಟರ್ ಹತ್ರ ಮೂರು ವಿಷಯ ಮರೀದೆ ತಿಳಿಸಿ: ಯಾವತ್ತು ಶುರುವಾಯ್ತು, ಎಲ್ಲಿಂದ ಶುರುವಾಯ್ತು, ಹಿಂದಿನ ಒಂದು ತಿಂಗಳಲ್ಲಿ ಏನೇನು ಕಾಯಿಲೆ ಬಂದಿತ್ತು.

ಇವತ್ತಿಗೆ ಇಷ್ಟೇ. ಈ ಸಂಚಿಕೆಯನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಹಾಕಿ. ಮುಂದಿನ ವಾರ ಸಿಗೋಣ, ಹುಷಾರಾಗಿರಿ.